ಹಾಜರ್, ಹಾಳಿರ್: ಒಂದು ಅರಬಿ ಅಕ್ಷರ ನಮ್ಮೂರಿಗೆ ಬಂದ ದಾರಿ

ಉಪ್ಪಳದ ಹತ್ತಿರದ ನಮ್ಮ ಊರಲ್ಲಿ ನಾನು ಸಣ್ಣವಳಿದ್ದಾಗ ದಿನಕ್ಕೆ ಎರಡು ಸಲ ಹಾಜರಿ ಕರೆಯುತ್ತಿದ್ದರು. ಬೆಳಿಗ್ಗೆ ಏಳು ಗಂಟೆಗೆ ಮದ್ರಸದಲ್ಲಿ ಉಸ್ತಾದರು ಹೆಸರು ಕರೆದರೆ ‘ಹಾಳಿರ್’ ಅನ್ನಬೇಕು. ಹತ್ತು ಗಂಟೆಗೆ ಕನ್ನಡ ಶಾಲೆಯಲ್ಲಿ ಟೀಚರ್ ಕರೆದರೆ ‘ಹಾಜರ್’ ಅನ್ನಬೇಕು. ಇವೆರಡೂ ಒಂದೇ ಶಬ್ದ ಎಂದು ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ನಾವು ಬ್ಯಾರಿ ಮಕ್ಕಳು ‘ಹಾಳಿರ್’ ಕೂಡ ಸರಿಯಾಗಿ ಹೇಳುತ್ತಿರಲಿಲ್ಲ. ನಮ್ಮ ಬಾಸೆಯಲ್ಲಿ ಳ ಇಲ್ಲ. ಮಲಯಾಳದ ‘ಪಳ್ಳಿ’ ನಮ್ಮ ಬಾಯಲ್ಲಿ ‘ಪಲ್ಲಿ’. ಹಾಗಾಗಿ ನಾವು ಅಂದದ್ದು ‘ಹಾಲಿರ್’.

ಈ ಎಲ್ಲ ಗೊಂದಲದ ಮೂಲ ಅರಬಿಯ ಹದಿನೈದನೆಯ ಅಕ್ಷರ. ಸ್ವಾದ್‌ನ ಆಕಾರ, ಮೇಲೊಂದು ಚುಕ್ಕೆ. ಅದರ ಹೆಸರನ್ನೇ ನಮ್ಮ ಸುತ್ತಮುತ್ತ ಮೂರು ಥರ ಹೇಳುತ್ತಾರೆ. ಮಲಬಾರಿನ ಹಳೆಯ ರೂಢಿಯವರಿಗೆ ಅದು ಳಾದ್, ಉಪ್ಪಳದ ಉರ್ದು ಮಾತಾಡುವ ಹನಫೀ ಮನೆಗಳಲ್ಲಿ ಝಾದ್, ಈಗಿನ ತಜ್‌ವೀದ್ ತರಗತಿಗಳಲ್ಲಿ ದ್ವಾದ್. ಈ ಬರಹದಲ್ಲಿ ದ್ವಾದ್ ಎಂದೇ ಬರೆಯುತ್ತೇನೆ, ಇಂದಿನ ಮಕ್ಕಳಿಗೆ ಗೊತ್ತಿರುವುದು ಅದು. ಕುರ್‌ಆನ್ ಕಲಿಯಲು ಬರುವ ಹೊಸಬರಿಗೆ ಇಪ್ಪತ್ತೆಂಟು ಅಕ್ಷರಗಳಲ್ಲಿ ಅತಿ ಕಷ್ಟದ್ದು ಇದು. ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಪ್ರತಿ ನಮಾಝಿನ ಪ್ರತಿ ರಕಅತ್‌ನಲ್ಲಿ ಓದುವ ಫಾತಿಹಾದಲ್ಲಿ ಅದು ಎರಡು ಸಲ ಬರುತ್ತದೆ, ಎರಡೂ ಕೊನೆಯ ಆಯತ್ತಿನಲ್ಲಿ. ಎರಡನೆಯದಂತೂ ಇಮ್ಮಡಿಯಾಗಿ, ಮುಂದೆ ಆರು ಹರಕತ್ ಎಳೆಯುವ ದೀರ್ಘ, ಅದರ ಬೆನ್ನಿಗೇ ಇಮ್ಮಡಿ ಲಾಮ್. ದ್ವಾದ್ ಅನ್ನು ಲ ಮಾಡಿಬಿಟ್ಟರೆ ಆ ಶಬ್ದದಲ್ಲಿ ಲಕಾರವಲ್ಲದೆ ಬೇರೇನೂ ಉಳಿಯುವುದಿಲ್ಲ.

ನನ್ನ ಉಮ್ಮಾಮ (ಅಜ್ಜಿ) ಹಾಗೆಯೇ ಓದುತ್ತಿದ್ದರು.

ನಾನು ಅರಬಿ ಕಾಲೇಜಿನಲ್ಲಿ ಕಲಿತು ಸರ್ಟಿಫಿಕೇಟ್ ಹಿಡಿದು ಮನೆಗೆ ಬಂದಾಗ ನನಗೆ ಇಪ್ಪತ್ತು, ಅವರಿಗೆ ಎಪ್ಪತ್ತರ ಮೇಲೆ. ಒಂದು ಮಗ್ರಿಬ್ ಹೊತ್ತಿಗೆ ಅವರ ಪಕ್ಕದಲ್ಲಿ ಕೂತಿದ್ದೆ. ಅವರ ಫಾತಿಹಾ ಕೇಳಿಸಿತು. ನಮಾಝ್ ಮುಗಿಯುವುದನ್ನೇ ಕಾದು, ‘ಉಮ್ಮಾಮ, ನೀವು ಓದಿದ್ದು ತಪ್ಪು. ಹೀಗೆ ಓದಿದರೆ ಫಾತಿಹಾ ಆಗುವುದಿಲ್ಲ, ಫಾತಿಹಾ ಇಲ್ಲದೆ ನಿಸ್ಕಾರ ಇಲ್ಲ’ ಎಂದೆ. ಓದಿ ಬಂದ ಹುಡುಗಿಯ ಹುಮ್ಮಸ್ಸು. ಅವರು ಏನೂ ಹೇಳಲಿಲ್ಲ. ಮರುದಿನ ಜಗಲಿಯಲ್ಲಿ ಬೀಡಿಯ ಮೊರ ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸುತ್ತಾ, ನನ್ನ ಮುಖ ನೋಡದೆ ಕೇಳಿದರು: ‘ಮೋಲೇ, ಹಾಗಾದರೆ ನಾನು ಎಷ್ಟು ವರ್ಷದ್ದು ಖಲಾ ತೀರಿಸಬೇಕು?’

ಸಮಯಕ್ಕೆ ಮಾಡದ ನಮಾಝನ್ನು ಆಮೇಲೆ ತೀರಿಸುವುದಕ್ಕೆ ಹೇಳುವ ಆ ಶಬ್ದದಲ್ಲಿ ಕೂಡ ಇದೇ ಅಕ್ಷರ ಇದೆ. ಮಲಬಾರಿನವರಿಗೆ ಖಳಾ, ಉರ್ದುವಿನವರಿಗೆ ಕಝಾ, ಉಮ್ಮಾಮನಿಗೆ ಖಲಾ. ಅವರು ಆ ತಪ್ಪಿನ ಲೆಕ್ಕ ಕೇಳಿದ್ದೂ ಆ ‘ತಪ್ಪಿ’ನಲ್ಲಿಯೇ. ಅಂದು ನನ್ನ ಬಳಿ ಉತ್ತರ ಇರಲಿಲ್ಲ. ಈ ಅಕ್ಷರದ ಚರಿತ್ರೆ ಸ್ವಲ್ಪವಾದರೂ ಗೊತ್ತಿದ್ದರೆ ಬಾಯಿ ಮುಚ್ಚಿ ಕೂರುತ್ತಿದ್ದೆ. ಆಮೇಲಿನ ವರ್ಷಗಳಲ್ಲಿ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಕುರ್‌ಆನನ್ನು ಸರಿಯಾಗಿ ಉಚ್ಚರಿಸಲು ಕಲಿಸುವ ಶಾಸ್ತ್ರ ಬೆಳೆದದ್ದು ಇರಾಕಿನ ಬಸ್ರಾ ಮತ್ತು ಕೂಫಾಗಳಲ್ಲಿ. ಅಲ್ಲಿ ಅರಬಿ ಮಾತೃಭಾಷೆಯಲ್ಲದ ಜನ ದೊಡ್ಡ ಸಂಖ್ಯೆಯಲ್ಲಿ ಸೇರಿದ್ದರು. ನಮ್ಮಂಥವರು ಅನ್ನಿ. ಏಳನೆಯ ಶತಮಾನದ ಬಸ್ರಾದ ಅಬುಲ್ ಅಸ್ವದ್ ಅದ್ದುಅಲಿ, ಯಾರೋ ಒಂದು ಆಯತ್ತಿನ ಸ್ವರ ತಪ್ಪಿಸಿ ಅರ್ಥವನ್ನೇ ತಲೆಕೆಳಗು ಮಾಡಿದ್ದು ಕೇಳಿ ಬೆಚ್ಚಿಬಿದ್ದರು ಎಂದು ಪರಂಪರೆ ಹೇಳುತ್ತದೆ. ಅವರು ಒಬ್ಬ ಲಿಪಿಕಾರನನ್ನು ಎದುರು ಕೂರಿಸಿಕೊಂಡು ತನ್ನ ಬಾಯಿ ನೋಡಲು ಹೇಳಿದರಂತೆ. ಬಾಯಿ ತೆರೆದರೆ ಅಕ್ಷರದ ಮೇಲೆ ಚುಕ್ಕೆ, ಕೆಳಗಿಳಿಸಿದರೆ ಕೆಳಗೆ, ತುಟಿ ಕೂಡಿಸಿದರೆ ಪಕ್ಕದಲ್ಲಿ. ಚುಕ್ಕೆಗೆ ಬೇರೆ ಬಣ್ಣದ ಶಾಯಿ. ಫತ್‌ಹ್ ಎಂದರೆ ತೆರೆಯುವುದು, ದಮ್ಮ್ ಎಂದರೆ ಕೂಡಿಸುವುದು. ಸ್ವರಚಿಹ್ನೆಗಳ ಹೆಸರು ಬಾಯಿಯ ಆಕಾರದಿಂದಲೇ ಬಂದವು. ನಮ್ಮ ಮದ್ರಸದಲ್ಲಿ ‘ಫತ್‌ಹ್, ಕಸ್ರ್, ಳಮ್ಮ್’ ಎಂದು ರಾಗವಾಗಿ ಬಾಯಿಪಾಠ ಮಾಡಿಸುತ್ತಿದ್ದರಲ್ಲ, ಆ ಕೊನೆಯ ಹೆಸರಲ್ಲಿ ಕೂಡ ದ್ವಾದ್ ಇದೆ. ಮೊದಲ ವಾರದಲ್ಲೇ ಮಗು ಅದನ್ನು ಎದುರಿಸುತ್ತದೆ, ಯಾರೂ ತಿದ್ದುವುದಿಲ್ಲ.

ಎಂಟನೆಯ ಶತಮಾನದಲ್ಲಿ ಬಸ್ರಾದ ಅಲ್ ಖಲೀಲ್ ಇಬ್ನು ಅಹ್ಮದ್ ಅರಬಿಯ ಮೊದಲ ನಿಘಂಟನ್ನು ಯೋಜಿಸಿದರು. ಅದರಲ್ಲಿ ಅಕ್ಷರಗಳ ಕ್ರಮ ಅಲಿಫ್, ಬಾ, ತಾ ಅಲ್ಲ. ಗಂಟಲಾಳದ ಐನ್‌ನಿಂದ ಶುರುವಾಗಿ ತುಟಿಯ ಕಡೆಗೆ ಬರುತ್ತದೆ, ಅದಕ್ಕೇ ಆ ಗ್ರಂಥದ ಹೆಸರು ‘ಕಿತಾಬುಲ್ ಐನ್’. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಕನ್ನಡ ಶಾಲೆಯ ಒಂದನೇ ಕ್ಲಾಸಿನ ಗೋಡೆಯ ಮೇಲಿದ್ದ ಪಟ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ. ಕ ಖ ಗ ಘ ದಿಂದ ಪ ಫ ಬ ಭ ತನಕ ನಾವು ಹೋದದ್ದು ಅದೇ ದಾರಿಯಲ್ಲಿ. ಮದ್ರಸದಲ್ಲಿ ‘ಮಖ್ರಜ್’ ಎಂಬ ಶಬ್ದ ಕೇಳಿ ಹೆದರುತ್ತಿದ್ದ ಮಕ್ಕಳಿಗೆ ಯಾರಾದರೂ ಇದನ್ನು ಹೇಳಬಹುದಿತ್ತು. ನಾನಂತೂ ಈಗ ಅಲ್ಲಿಂದಲೇ ಪಾಠ ಶುರು ಮಾಡುವುದು.

ಖಲೀಲರ ಶಿಷ್ಯ ಸೀಬವೈಹಿ ಪರ್ಶಿಯಾದವರು. ಅರಬಿ ವ್ಯಾಕರಣದ ಮೂಲಗ್ರಂಥ ಬರೆದವರ ಮನೆಮಾತು ಅರಬಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೆನೆಯಬೇಕು. ದ್ವಾದ್ ಎಲ್ಲಿ ಹುಟ್ಟುತ್ತದೆ ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ: ನಾಲಗೆಯ ಅಂಚು ಮತ್ತು ಅದಕ್ಕೆ ತಾಗಿಕೊಂಡಿರುವ ದವಡೆ ಹಲ್ಲುಗಳ ನಡುವೆ. ಆ ಜಾಗದಲ್ಲಿ ಹುಟ್ಟುವ ಇನ್ನೊಂದು ಅಕ್ಷರವೇ ಇಲ್ಲ ಎಂಬರ್ಥದ ಮಾತೂ ಅವರದಿದೆ. ಈಗ ನೀವೇ ಕೂತಲ್ಲಿ ‘ದ’ ಹೇಳಿ ನೋಡಿ: ನಾಲಗೆಯ ತುದಿ ಮುಂದಿನ ಹಲ್ಲಿಗೆ ತಾಗುತ್ತದೆ. ‘ಝ’ ಹೇಳಿ: ಗಾಳಿ ನಾಲಗೆಯ ನಡುವಿನಿಂದ ಮುಂದಕ್ಕೆ ಹೋಗುತ್ತದೆ. ‘ಲ’ ಅಥವಾ ‘ಳ’ ಹೇಳಿ: ಗಾಳಿ ನಾಲಗೆಯ ಪಕ್ಕದಿಂದ ಹೊರಬರುತ್ತದೆ. ಸೀಬವೈಹಿ ವಿವರಿಸಿದ ದ್ವಾದ್ ಪಕ್ಕದ ಧ್ವನಿ. ಅಂದರೆ ನಾನು ಕಾಲೇಜಿನಲ್ಲಿ ಕಲಿತುಬಂದ, ಬರೀ ದಪ್ಪ ‘ದ’ದಂತಿದ್ದ ದ್ವಾದ್‌ಗಿಂತ ಉಮ್ಮಾಮನ ಲಕಾರ ಒಂದು ವಿಷಯದಲ್ಲಿ ಹಳೆಯ ವಿವರಣೆಗೆ ಹತ್ತಿರ ಇತ್ತು.

ಇದು ನಮ್ಮೂರಿನ ಅಭಿಮಾನಕ್ಕೆ ಕಟ್ಟಿದ ಕತೆಯಲ್ಲ. ಅರಬರು ಹೋದಲ್ಲೆಲ್ಲ ಈ ಲಕಾರದ ಗುರುತು ಬಿದ್ದಿದೆ. ಸ್ಪೇನಿನಲ್ಲಿ ನಗರದ ಮೇಯರ್‌ಗೆ ‘ಅಲ್ಕಾಲ್ದೆ’ ಎನ್ನುತ್ತಾರೆ, ಅದು ಅರಬಿಯ ‘ಅಲ್ ಕಾದೀ’. ಸ್ಪೇನಿನವರಿಗೆ ಆ ಒಂದು ಅಕ್ಷರದಲ್ಲಿ ಲ ಮತ್ತು ದ ಎರಡೂ ಕೇಳಿಸಿರಬೇಕು, ಎರಡನ್ನೂ ಉಳಿಸಿಕೊಂಡಿದ್ದಾರೆ. ಪಶ್ಚಿಮ ಆಫ್ರಿಕದ ಹೌಸಾ ಭಾಷೆಯಲ್ಲಿ ನ್ಯಾಯಾಧೀಶ ‘ಅಲ್ಕಾಲಿ’. ದಕ್ಷಿಣ ಅರೇಬಿಯಾದ ಕೆಲವು ಆಡುಮಾತುಗಳಲ್ಲಿ ಈ ಪಕ್ಕದ ಧ್ವನಿ ತೀರಾ ಇತ್ತೀಚಿನವರೆಗೂ ಉಳಿದಿದ್ದನ್ನು ಭಾಷಾವಿಜ್ಞಾನಿಗಳು ದಾಖಲಿಸಿದ್ದಾರೆ. ಮಲಬಾರಿಗೆ ವಿದ್ವಾಂಸರೂ ಸಯ್ಯಿದರೂ ಬಂದದ್ದು ಹೆಚ್ಚಾಗಿ ಆ ಕಡೆಯಿಂದ. ಮಂಬುರಂ ತಂಙಳ್ ಹದಿನೆಂಟನೆಯ ಶತಮಾನದಲ್ಲಿ ಬಂದದ್ದು ಹದರಮೌತಿನ ತರೀಮ್‌ನಿಂದ. ಆ ನಾಡಿನ ಹೆಸರಲ್ಲೂ ಇದೇ ಅಕ್ಷರ. ಮಲಬಾರಿನ ಹಳಬರಿಗೆ ಅದು ‘ಹಳರ್‌ಮೌತ್’.

ಮಲಬಾರಿನವರ ಕಿವಿಗೆ ಅದು ಳ ಎಂದೇ ಕೇಳಿಸಿತು ಎನ್ನುವುದಕ್ಕೆ ಲಿಪಿಯ ಸಾಕ್ಷಿ ಇದೆ. ಅರಬಿ ಲಿಪಿಯಲ್ಲಿ ಮಲಯಾಳ ಬರೆಯುವ ಅರಬಿ-ಮಲಯಾಳದಲ್ಲಿ, ಅರಬಿಯಲ್ಲಿಲ್ಲದ ಧ್ವನಿಗಳಿಗೆ ಹತ್ತಿರದ ಅಕ್ಷರಕ್ಕೆ ಚುಕ್ಕೆ ಸೇರಿಸಿ ಹೊಸ ಅಕ್ಷರ ಮಾಡಿಕೊಂಡರು. ಳ ಬರೆಯಲು ಅವರು ಆಯ್ದುಕೊಂಡದ್ದು ದ್ವಾದ್‌ನ ರೂಪವನ್ನು. 1607ರಲ್ಲಿ ‘ಮುಹ್ಯಿದ್ದೀನ್ ಮಾಲೆ’ ಬರೆದ ಕೋಯಿಕ್ಕೋಡಿನ ಕವಿಯನ್ನು ಮಲಯಾಳಿಗಳು ಇವತ್ತಿಗೂ ‘ಖಾಳಿ ಮುಹಮ್ಮದ್’ ಎಂದೇ ಕರೆಯುವುದು. ರಮಳಾನ್, ಫರ್ಳ್, ವುಳೂ, ಹಾಳಿರ್, ಎಲ್ಲ ಈ ದಾರಿಯಲ್ಲಿ ಬಂದವು. ಮುಂದೆ ಬ್ಯಾರಿ ನಾಲಗೆ ಸಿಕ್ಕಿದಾಗ ಅವುಗಳ ಳ ಕೂಡ ಲ ಆಯಿತು.

ಇನ್ನೊಂದು ದಾರಿ ಪರ್ಶಿಯಾದ್ದು. ಪಾರಸಿಯಲ್ಲಿ ಈ ಧ್ವನಿ ಇಲ್ಲ; ಝ ಎಂದು ಕೇಳಿಸುವ ನಾಲ್ಕು ಅಕ್ಷರಗಳಲ್ಲಿ ಇದೂ ಒಂದಾಯಿತು. ಅಲ್ಲಿಂದ ಉರ್ದು, ದಖನಿ. ಕನ್ನಡಕ್ಕೆ ಬರುವಾಗ ಝ ಹೋಗಿ ಜ ಬಂತು. ತಾಲೂಕು ಕಚೇರಿಗೆ ಹೋಗಿ ನೋಡಿ: ಅರ್ಜಿ, ಹಾಜರಿ, ಜಾಮೀನು, ಜಪ್ತಿ, ರಾಜಿ, ಕಬ್ಜ. ಎಲ್ಲದರಲ್ಲೂ ಮೂಲದಲ್ಲಿ ದ್ವಾದ್ ಇದೆ. ನಮ್ಮ ಮರ್ಜಿಯಲ್ಲೂ ಇದೆ, ನಮ್ಮ ಫಜೀತಿಯಲ್ಲೂ ಇದೆ. ‘ಜಿಲ್ಲೆ’ ಕೂಡ ಅರಬಿಯ ‘ದಿಲ್‌ಅ್’, ಎಂದರೆ ಪಕ್ಕೆಲುಬು, ಬದಿ. 1984ರಲ್ಲಿ ಕಾಸರಗೋಡು ಜಿಲ್ಲೆಯಾದಾಗ ಮಲಯಾಳಿಗಳೂ ಕನ್ನಡಿಗರೂ ಯಾವ ಜಗಳವಿಲ್ಲದೆ ಒಂದೇ ಥರ ಉಚ್ಚರಿಸಿದ ಶಬ್ದ ಬಹುಶಃ ಅದೊಂದೇ! ಅರಬಿಯಿಂದ ಇಷ್ಟು ದೂರ ಬಂದ ಶಬ್ದವನ್ನು ನಾವು ದಿನಾ ಬಳಸುತ್ತೇವೆ, ಯಾರ ಜಿಲ್ಲೆಯೂ ಅಸಿಂಧುವಾಗುವುದಿಲ್ಲ. ಆದರೆ ಅದು ಎರವಲು ಶಬ್ದದ ಮಾತು. ಕುರ್‌ಆನಿನ ಓದಿಗೆ ಆ ಸಡಿಲ ಇಲ್ಲ, ಇರಲೂ ಬಾರದು. ದ್ವಾದ್‌ನ ಬದಲು ಅದರ ನೆರೆಯ ಝ್ವಾ ಅಕ್ಷರ ಹೇಳಿದರೆ ‘ದಾರಿ ತಪ್ಪಿದವರು’ ಎಂಬ ಅರ್ಥದ ಶಬ್ದ ‘ಉಳಿದುಕೊಂಡವರು’ ಎಂಬ ಅರ್ಥದ್ದಾಗುತ್ತದೆ.

ಇಲ್ಲಿಗೆ ಬಂದಾಗ ಉಮ್ಮಾಮನ ಪರವಾಗಿ ವಾದ ಮಾಡುವ ಆಸೆ ನನಗೂ ಆಯಿತು. ‘ನಮ್ಮ ಹಳಬರ ಳ ಸರಿ, ಉಳಿದವರದೆಲ್ಲ ತಪ್ಪು’ ಎಂದು ಬರೆಯಬಹುದಿತ್ತು, ಓದುವವರಿಗೂ ಖುಷಿಯಾಗುತ್ತಿತ್ತು. ಆದರೆ ಇಬ್ನುಲ್ ಜಝರಿ ಅಡ್ಡ ನಿಂತರು. 1350ರಲ್ಲಿ ಡಮಾಸ್ಕಸ್‌ನಲ್ಲಿ ಹುಟ್ಟಿ 1429ರಲ್ಲಿ ಶೀರಾಝ್‌ನಲ್ಲಿ ತೀರಿಕೊಂಡ ಇವರ ಮಾತಿಗೆ ಕಿರಾಅತ್ ಶಾಸ್ತ್ರದಲ್ಲಿ ಮೇಲ್ಮನವಿ ಇಲ್ಲ ಎನ್ನಬಹುದು. ನಾಲಗೆಗೆ ದ್ವಾದ್‌ನಷ್ಟು ಕಷ್ಟದ ಅಕ್ಷರ ಮತ್ತೊಂದಿಲ್ಲ, ಅದನ್ನು ಚೆನ್ನಾಗಿ ಹೇಳುವವರು ಕಡಿಮೆ ಎಂದು ಒಪ್ಪಿಕೊಂಡು, ಜನ ಮಾಡುವ ತಪ್ಪುಗಳನ್ನು ಅವರು ಹೇಳುತ್ತಾ ಹೋಗುತ್ತಾರೆ. ಕೆಲವರು ಝ್ವಾ ಮಾಡುತ್ತಾರೆ. ಕೆಲವರು ಝ್ ಛಾಯೆ ಕೊಡುತ್ತಾರೆ. ಕೆಲವರು ದಪ್ಪ ಲಾಮ್ ಮಾಡುತ್ತಾರೆ. ಆಫ್ರಿಕದ ಝೈಲಾ ಕಡೆಯವರ ಹೆಸರನ್ನೇ ಹೇಳಿದ್ದಾರೆ. ಕೆಲವರು ನಾಲಗೆಯನ್ನು ಆ ಜಾಗಕ್ಕೇ ಮುಟ್ಟಿಸದೆ ‘ತ್ವಾ’ ಬೆರೆಸಿ ಮುಂದಿನಿಂದಲೇ ಹೇಳಿಬಿಡುತ್ತಾರೆ. ಈಜಿಪ್ಟಿನವರಲ್ಲಿ ಹೆಚ್ಚಿನವರು ಹೀಗೆ ಎನ್ನುತ್ತಾರೆ.

ಈ ಪಟ್ಟಿ ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಉಪ್ಪಳ ಪೇಟೆಯೇ ಅದರಲ್ಲಿ ಇತ್ತು. ಉರ್ದುವಿನವರ ಝ, ನಮ್ಮ ಹಳಬರ ಲ, ಮತ್ತು ನಾನು ಶುದ್ಧವೆಂದು ನಂಬಿ ಹೊತ್ತು ತಂದ ಮುಂದಿನ ಹಲ್ಲಿನ ದಪ್ಪ ದ ಕೂಡ. ಉಮ್ಮಾಮನನ್ನು ತಿದ್ದಿದ ನನ್ನ ದ್ವಾದ್‌ಗೂ ಆರುನೂರು ವರ್ಷಗಳ ಹಿಂದೆ ಒಬ್ಬ ಮೇಷ್ಟ್ರು ಕೆಂಪು ಗೆರೆ ಎಳೆದಿದ್ದರು.

ಅರಬರಿಗೇ ಈ ಕಷ್ಟ ಇತ್ತು. ಹತ್ತನೆಯ ಶತಮಾನದಿಂದಲೇ ದ್ವಾದ್ ಎಲ್ಲಿ, ಝ್ವಾ ಎಲ್ಲಿ ಎಂದು ತಿಳಿಸಲು ಪದಪಟ್ಟಿಗಳ ಪುಸ್ತಕಗಳು ಬಂದವು. ಸಾಹಿಬ್ ಇಬ್ನು ಅಬ್ಬಾದ್ ಬರೆದದ್ದು ಪ್ರಸಿದ್ಧ. ಕನ್ನಡ ಓದಿದವರಿಗೆ ಇದು ಹೊಸತಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞ ಇರುವ ಶಬ್ದಗಳ ಪಟ್ಟಿ ಕೊಡಬೇಕಾಗಿ ಬಂದದ್ದು ಜನರ ಬಾಯಲ್ಲಿ ಅದು ಳ ಆಗುತ್ತಿದ್ದುದರಿಂದ. ಭಾಷೆಯನ್ನೇ ‘ದ್ವಾದ್‌ನ ಭಾಷೆ’ ಎಂದು ಕರೆದುಕೊಂಡವರ ನಾಲಗೆಯಿಂದಲೂ ದ್ವಾದ್ ಜಾರಿತು. ಕನ್ನಡದವರು ೞ ಕಳಕೊಂಡು ನಿಶ್ಚಿಂತೆಯಿಂದ ಇದ್ದಾರೆ. ಕುರ್‌ಆನ್ ಓದುವವರಿಗೆ ಹಾಗೆ ಇರಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಕರಾವಳಿಯಲ್ಲಿ ಕಲಿಸುವ ಕ್ರಮ ಬದಲಾದದ್ದನ್ನೂ ಹೇಳಬೇಕು. ಉಮ್ಮಾಮನ ಕಾಲದ ಓದುಪಳ್ಳಿಯಲ್ಲಿ ಮರದ ಹಲಗೆಗೆ ಬಿಳಿ ಮಣ್ಣು ಬಳಿದು, ಬಿದಿರಿನ ಲೇಖನಿಯಿಂದ ಅಕ್ಷರ ಬರೆದು, ಕಲಿತಾದ ಮೇಲೆ ತೊಳೆದು ಮತ್ತೆ ಬರೆಯುವುದು. ಮುಲ್ಲಾಕ ಓದಿದ್ದನ್ನು ಮಕ್ಕಳು ಒಟ್ಟಿಗೆ ಕೂಗುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾಯಕ್ಕಾಡಿನಲ್ಲಿ ಚಾಲಿಲಗತ್ ಕುಞಹಮ್ಮದ್ ಹಾಜಿ ಕರಿಹಲಗೆ, ಬೆಂಚು, ತರಗತಿ ತಂದು ಮದ್ರಸಕ್ಕೆ ಹೊಸ ರೂಪ ಕೊಟ್ಟರು, ಅರಬಿ-ಮಲಯಾಳ ಲಿಪಿಯನ್ನೂ ತಿದ್ದಿದರು. 1951ರಲ್ಲಿ ಸಮಸ್ತದ ವಿದ್ಯಾಭ್ಯಾಸ ಬೋರ್ಡ್ ಆದ ಮೇಲೆ ಪಠ್ಯ, ಪಬ್ಲಿಕ್ ಪರೀಕ್ಷೆ ಬಂದವು. ಆಗ ಕಾಸರಗೋಡು ಇನ್ನೂ ದಕ್ಷಿಣ ಕನ್ನಡದಲ್ಲಿತ್ತು. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹೀಗಾಗಿ ನಮ್ಮ ಕಡೆಯ ಮಕ್ಕಳಿಗೆ ಬೆಳಿಗ್ಗೆ ಅರಬಿ ಮತ್ತು ಅರಬಿ-ಮಲಯಾಳ, ಹತ್ತು ಗಂಟೆಗೆ ಕನ್ನಡ, ಮನೆಯಲ್ಲಿ ಬ್ಯಾರಿ.

ನಾಲಗೆಯನ್ನು ನಿಜಕ್ಕೂ ಬದಲಿಸಿದ್ದು ಟೇಪ್ ರೆಕಾರ್ಡರ್. ಈಜಿಪ್ಟಿನ ಮಹ್ಮೂದ್ ಖಲೀಲ್ ಅಲ್ ಹುಸರೀ ಅವರ ಪೂರ್ತಿ ಕುರ್‌ಆನಿನ ಧ್ವನಿಮುದ್ರಣ 1961ರಲ್ಲಿ ಬಂತು, ಅಂಥದ್ದರಲ್ಲಿ ಮೊದಲನೆಯದು. ಎಪ್ಪತ್ತರ ದಶಕದಿಂದ ಗಲ್ಫಿಗೆ ಹೋದವರು ಸೆಂಟು, ಟಾರ್ಚುಗಳ ಜೊತೆ ಕ್ಯಾಸೆಟ್ ತಂದರು. ನಮ್ಮ ಉಪ್ಪ ದುಬೈಯಿಂದ ತಂದ ಕ್ಯಾಸೆಟ್ ಪೆಟ್ಟಿಗೆ ನನ್ನ ಮೊದಲ ತಜ್‌ವೀದ್ ಉಸ್ತಾದ್. ಅದುವರೆಗೆ ಒಂದು ಊರಿನ ಓದಿಗೆ ಆ ಊರಿನ ಉಸ್ತಾದರ ಬಾಯೇ ಅಳತೆ; ಆಮೇಲೆ ಕೈರೋದ್ದು, ಮಕ್ಕಾದ್ದು ಮನೆಯ ಕಪಾಟಿನ ಮೇಲೆ ಬಂದು ಕೂತಿತು. ಅದರಿಂದ ಒಳ್ಳೆಯದೂ ಆಗಿದೆ. ಆದರೆ ಕ್ಯಾಸೆಟ್‌ನಲ್ಲಿ ಕೇಳಿಸುವುದು ಧ್ವನಿ ಮಾತ್ರ, ಬಾಯಿ ಕಾಣುವುದಿಲ್ಲ. ಅಬುಲ್ ಅಸ್ವದ್‌ರ ಲಿಪಿಕಾರ ನೋಡಿದ್ದು ಬಾಯಿಯನ್ನು. ನಾನು ಕೇಳಿದ್ದನ್ನು ನನಗೆ ಗೊತ್ತಿದ್ದ ದಕಾರದಲ್ಲಿ ಹೇಳಿಕೊಂಡೆ, ಅದನ್ನೇ ದ್ವಾದ್ ಎಂದುಕೊಂಡೆ. ಉಮ್ಮಾಮ ಕೇಳಿದ್ದನ್ನು ತಮಗೆ ಗೊತ್ತಿದ್ದ ಲಕಾರದಲ್ಲಿ ಹೇಳಿಕೊಂಡಿದ್ದರು. ನಾವಿಬ್ಬರೂ ಮಾಡಿದ್ದು ಒಂದೇ ಕೆಲಸ.

ಅವರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಊರಿನ ವಯಸ್ಸಾದ ಒಬ್ಬ ಮುಸ್ಲಿಯಾರರಿಂದ. ಎರಡು ವಾರ ಉಮ್ಮಾಮ ತುಟಿ ಅಲ್ಲಾಡುವುದೂ ಕಾಣದಷ್ಟು ಮೆಲ್ಲಗೆ ಓದುತ್ತಿದ್ದುದನ್ನು ನೋಡಲಾರದೆ ನಾನೇ ಹೋಗಿ ಕೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಶಾಫಿಈ ಗ್ರಂಥಗಳಲ್ಲಿ ಕಲಿಯಲು ಸಾಧ್ಯವಿದ್ದೂ ಕಲಿಯದವನ ಮಾತು ಬೇರೆ, ನಾಲಗೆ ಹೊರಳದವನ ಮಾತು ಬೇರೆ ಎಂದರು. ಫಾತಿಹಾದ ವ್ಯಾಖ್ಯಾನದ ಕೊನೆಗೆ ಇಬ್ನು ಕಸೀರ್ ಈ ಅಕ್ಷರದ ಬಗ್ಗೆ ಬರೆದದ್ದನ್ನು ತೆಗೆದು ತೋರಿಸಿದರು: ದ್ವಾದ್, ಝ್ವಾಗಳ ನಡುವೆ ಎಡವುವುದು ಕ್ಷಮ್ಯ, ಎರಡರ ಜಾಗವೂ ಅಷ್ಟು ಹತ್ತಿರ ಎಂದು. ‘ನಿನ್ನ ಉಮ್ಮಾಮ ಯಾವುದನ್ನೂ ತೀರಿಸಬೇಕಾಗಿಲ್ಲ. ನೀನು ಕಲಿತದ್ದನ್ನು ಅವರಿಗೆ ಕಲಿಸು, ಬಂದಷ್ಟು ಬರಲಿ’ ಎಂದರು.

ಕಲಿಸಿದೆ. ಅವರಿಗೆ ಕೊನೆಯವರೆಗೂ ಪೂರ್ತಿ ಬರಲಿಲ್ಲ. ಮೊದಲನೆಯ ದ್ವಾದ್ ಕೆಲವು ದಿನ ಸರಿಯಾಗಿ ಬರುತ್ತಿತ್ತು. ಆ ದಿನ ನಮಾಝ್ ಮುಗಿಸಿ ಸಲಾಂ ಹೇಳಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು.

ಈಗ ವಾರಕ್ಕೆ ಮೂರು ದಿನ, ಮಧ್ಯಾಹ್ನದ ಮೇಲೆ, ಅದೇ ಜಗಲಿಯಲ್ಲಿ ಹೆಂಗಸರಿಗೆ ಓದು ಕಲಿಸುತ್ತೇನೆ. ಬ್ಯಾರಿಗಳು, ಮಲಯಾಳ ಮಾತಾಡುವವರು, ಉಪ್ಪಳ ಪೇಟೆಯಿಂದ ಸೊಸೆಯಾಗಿ ಬಂದ ಉರ್ದುವಿನ ಒಬ್ಬಳು. ದ್ವಾದ್ ಅನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳುತ್ತೇನೆ. ಕನ್ನಡಿ ಕೊಟ್ಟು, ಮೊದಲು ‘ಲ’ ಹೇಳಿಸುತ್ತೇನೆ, ಗಾಳಿ ಪಕ್ಕದಿಂದ ಬರುವುದು ಗೊತ್ತಾಗಲಿ ಎಂದು. ಆಮೇಲೆ ನಾಲಗೆಯ ತುದಿಗೆ ಕೆಲಸ ಕೊಡದೆ, ಅಂಚನ್ನು ಮೇಲಿನ ದವಡೆ ಹಲ್ಲಿಗೆ ಒತ್ತಲು ಹೇಳುತ್ತೇನೆ. ಎಡಗಡೆ ಹೆಚ್ಚಿನವರಿಗೆ ಸುಲಭ. ನಾಲಗೆಯ ಬುಡ ಮೇಲೇಳಬೇಕು, ಧ್ವನಿ ಅಂಚಿನುದ್ದಕ್ಕೂ ಎಳೆದುಕೊಂಡು ಬರಬೇಕು, ದಕಾರದ ಹಾಗೆ ಟಪ್ಪೆಂದು ಒಡೆಯಬಾರದ. ಬ್ಯಾರಿಗಳಿಗೆ ಪಕ್ಕದ ಗಾಳಿ ಬೇಗ ಬರುತ್ತದೆ, ಒತ್ತು ಬರುವುದಿಲ್ಲ. ಉರ್ದುವಿನ ಸೊಸೆಗೆ ಎಳೆತ ಬರುತ್ತದೆ, ನಾಲಗೆ ಮುಂದಕ್ಕೆ ಓಡುತ್ತದೆ. ಅವರನ್ನು ಎದುರುಬದುರು ಕೂರಿಸಿ ಒಬ್ಬರ ಬಾಯಿ ಒಬ್ಬರು ನೋಡಲು ಹೇಳಿದ್ದೇನೆ.

ಕಳೆದ ವಾರ ಅವರಲ್ಲಿ ಹಿರಿಯವರೊಬ್ಬರು, ಬೀಡಿ ಕಟ್ಟಿ ಮೂವರು ಹೆಣ್ಣುಮಕ್ಕಳ ಮದುವೆ ಮಾಡಿಸಿದವರು, ಕನ್ನಡಿ ಕೆಳಗಿಟ್ಟು ಕೇಳಿದರು: ‘ಟೀಚರೇ, ಇಷ್ಟು ದಿನ ಓದಿದ್ದೆಲ್ಲ?’ ನಾನು ಮುಸ್ಲಿಯಾರರು ಹೇಳಿದ್ದನ್ನು ಹೇಳಿದೆ. ಅವರು ಕನ್ನಡಿ ಮತ್ತೆ ಎತ್ತಿಕೊಂಡರು.